ಶುಂಠಿ ಹೊಲದಲ್ಲಿ ಅರ್ಜೆಂಟೀನಾ

ನಮ್ಮ ಹುಣಸೂರು ಸೀಮೆಯಲ್ಲಿ ಫುಟ್‌ಬಾಲ್ ಬಾವುಟ ಹಾರಾಡುವುದಕ್ಕೆ ಕಾರಣ ಫುಟ್‌ಬಾಲ್ ಅಲ್ಲ, ಶುಂಠಿ. ಗೋಣಿಕೊಪ್ಪದ ಕಡೆ ಹೋದರೆ ಹಾಕಿ, ಮೈಸೂರಿನ ಕಡೆ ಬಂದರೆ ಕ್ರಿಕೆಟ್. ನಡುವೆ ಸಿಕ್ಕಿಕೊಂಡ ನಮಗೆ ಕಬಡ್ಡಿ ಮತ್ತು ಹೊಗೆಸೊಪ್ಪು. ಇಂಥ ನೆಲಕ್ಕೆ ವಯನಾಡು, ಕಣ್ಣೂರುಗಳಿಂದ ಬಂದು, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವ ಮಲಯಾಳಿಗಳು ಬಿತ್ತನೆ ಗೆಡ್ಡೆ, ಪೈಪು, ಔಷಧಿ ಡ್ರಮ್ಮುಗಳ ಜೊತೆಗೆ ಒಂದು ಅರ್ಜೆಂಟೀನಾವನ್ನೋ ಬ್ರೆಜಿಲನ್ನೋ ಲಾರಿಗೆ ಹೇರಿಕೊಂಡೇ ಬರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಅದು ಶೆಡ್ಡಿನ ಮೇಲೆ ಏರುತ್ತದೆ. ಅದನ್ನು ಕಂಡ ನಮ್ಮ ಹುಡುಗರ ಕೈ ಸುಮ್ಮನಿರುತ್ತದೆಯೇ? ಗುತ್ತಿಗೆದಾರ ಅರ್ಜೆಂಟೀನಾ ಆದರೆ ಹೊಲದ ಯಜಮಾನನ ಮಗ ಬ್ರೆಜಿಲ್ ಆಗಲೇಬೇಕು. ಕರಾರು ಬರೆದಾದ ಮೇಲೆ ಗುತ್ತಿಗೆ ಹಣ ಏರಿಸುವಂತಿಲ್ಲ, ಬಾವುಟವನ್ನಾದರೂ ಒಂದಡಿ ಏರಿಸಬಹುದಲ್ಲ.

ಬಾವುಟ ಕಟ್ಟುವುದು ನಮ್ಮ ತಂಡ ಯಾವುದೆಂದು ಸಾರುವುದಕ್ಕಲ್ಲ, ಎದುರುಮನೆಯವನ ಹೊಟ್ಟೆ ಉರಿಸುವುದಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇರಳದಲ್ಲಿ ಇದನ್ನು ಒಂದು ಹಂತ ಮೇಲಕ್ಕೆ ಒಯ್ದಿದ್ದಾರೆ. 2022ರಲ್ಲಿ ಕೋಯಿಕ್ಕೋಡಿನ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ಕಟೌಟು ನಿಂತದ್ದೇ ತಡ, ಅದಕ್ಕಿಂತ ಎತ್ತರದ ನೇಮಾರ್ ಬಂದ, ಆಮೇಲೆ ರೊನಾಲ್ಡೊ. ಹೊಳೆಗೆ ಅಡ್ಡವಾಗುತ್ತದೆ ಎಂಬ ತಕರಾರೂ ಹಿಂದೆಯೇ ಬಂತು. ಅದೇ ವರ್ಷದ ನವೆಂಬರಿನಲ್ಲಿ ಕಣ್ಣೂರು ಜಿಲ್ಲೆಯ ಪಾನೂರಿನಲ್ಲಿ ಒಬ್ಬ ಮಹಾಶಯ ರಸ್ತೆ ಬದಿಯ ಬಾವುಟವೊಂದನ್ನು ಎದುರು ಪಕ್ಷದ್ದೆಂದು ಕಿತ್ತು ಹರಿದ. ಅದು ಪೋರ್ಚುಗಲ್‌ನದು. ಹಸಿರು ಕೆಂಪು ಎರಡೂ ಇದ್ದರೆ ಅವನಾದರೂ ಏನು ಮಾಡಿಯಾನು!

ನಮ್ಮಲ್ಲಿ ಹರಿಯುವ ಮಟ್ಟಕ್ಕೆ ಹೋಗಲಿಲ್ಲ, ವಿಚಾರಣೆ ಮಾತ್ರ ನಡೆಯಿತು. ಕೆ.ಆರ್. ನಗರದವರು ಕಾವೇರಿ ನಾಲೆಯ ನೀರು ಕುಡಿದ ಭತ್ತದ ಜನ, ಸುಲಭಕ್ಕೆ ಉದ್ವೇಗಗೊಳ್ಳುವವರಲ್ಲ. ಸಾಲಿಗ್ರಾಮದ ಹತ್ತಿರದ ನಮ್ಮ ಸೋದರಮಾವ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದು, ಮೊಮ್ಮಗ ಮಾಳಿಗೆಯ ಮೇಲೆ ಕಟ್ಟಿದ್ದ ಹಸಿರು ಬಾವುಟವನ್ನು ಬಹಳ ಹೊತ್ತು ನೋಡಿದರು.

"ಲೋ, ಹೊರೆ ಹೊತ್ತಿದ್ದ ಹೆಂಗ್ಸು ಎಲ್ಲೋದ್ಲಾ?"

"ತಾತ, ಇದು ಬ್ರೆಜಿಲು."

"ಯಾವ್ ತಾಲ್ಲೂಕು?"

ಹೊರೆ ಹೊತ್ತ ಮಹಿಳೆ ಯಾವ ಪಕ್ಷದ ಗುರುತು ಎಂಬುದು ಆ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಹಸಿರನ್ನು ರೈತ ಸಂಘದ್ದೆಂದು ತಿಳಿದು, ಮುಷ್ಕರ ಯಾವತ್ತು ಎಂದು ಕೇಳಿಕೊಂಡು ಬಂದವರೂ ಇದ್ದರು.

ಈ ಬಾವುಟದ ವ್ಯವಹಾರದಲ್ಲಿ ನನಗೆ ಹೆಚ್ಚು ಮರ್ಯಾದೆ ಇರುವುದು ಬಿದಿರು ಗಳದ ಮೇಲೆ. 2022ರ ಆಗಸ್ಟ್‌ನಲ್ಲಿ ಮನೆ ಮನೆಯಲ್ಲೂ ತ್ರಿವರ್ಣ ಧ್ವಜ ಹಾರಿಸಿ ಎಂದು ಸರ್ಕಾರ ಹೇಳಿದಾಗ ಕಡಿದು ತಂದ ಗಳ ಅದು. ಧ್ವಜ ಸಂಹಿತೆಯನ್ನು ಅದೇ ವರ್ಷದ ಜುಲೈನಲ್ಲಿ ತಿದ್ದಿ, ರಾತ್ರಿಯೂ ಧ್ವಜ ಹಾರಲು ಬಿಟ್ಟಿದ್ದರಿಂದ ಗಳಕ್ಕೆ ಓವರ್‌ಟೈಮು ಬೇರೆ. ನವೆಂಬರ್ 1ಕ್ಕೆ ಅದೇ ಗಳದಲ್ಲಿ ಕನ್ನಡ ಬಾವುಟ. ನವೆಂಬರ್ 20ಕ್ಕೆ ಕತಾರ್‌ನಲ್ಲಿ ವಿಶ್ವಕಪ್ ಶುರುವಾಯಿತು, ಗಳ ಅರ್ಜೆಂಟೀನಾಕ್ಕೆ ಹೋಯಿತು. ಮುಂದಿನ ಮೇ 10ಕ್ಕೆ ವಿಧಾನಸಭೆ ಚುನಾವಣೆ ಬಂದಾಗ ಅದು ಎಷ್ಟು ಪಕ್ಷ ಸುತ್ತಿತೆಂಬ ಲೆಕ್ಕ ನನ್ನಲ್ಲಿಲ್ಲ. ಗಳಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲ.

ನಮ್ಮ ರಾಷ್ಟ್ರಧ್ವಜವನ್ನು ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ದಾರದ ಎಳೆ ಎಣಿಸಿ, ಅಳತೆ ಹಿಡಿದು, ಮೊಹರು ಒತ್ತಿಸಿ ಹೊಲಿಯುತ್ತಾರೆ. ಅರ್ಜೆಂಟೀನಾದ್ದನ್ನು ನಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ಟೈಲರಣ್ಣ ಹೊಲಿಯುತ್ತಾನೆ. ಶಾಲೆ ಯೂನಿಫಾರಂ ಹೊಲಿದು ಮಿಕ್ಕಿದ ತಿಳಿನೀಲಿ ಎರಡು ಪಟ್ಟಿ, ನಡುವೆ ಹಳೇ ಪಂಚೆ, ಮುಗಿಯಿತು. ಸೂರ್ಯನ ವಿಚಾರದಲ್ಲಿ ಮಾತ್ರ ತಕರಾರು. ಆ ದೇಶದ ಸೂರ್ಯನಿಗೆ ಕಣ್ಣು, ಮೂಗು, ಬಾಯಿ, ಸುತ್ತ 32 ಕಿರಣ. ಟೈಲರಣ್ಣ ಹಳದಿ ಬಟ್ಟೆ ಕತ್ತರಿಸಿ ಅಂಟಿಸಿದ್ದು ಎಣ್ಣೆಯಲ್ಲಿ ಒಡೆದ ಕಜ್ಜಾಯದ ಹಾಗಿತ್ತು. ಬ್ರೆಜಿಲಿನವರು ಬಂದು ತಮ್ಮ ಬಾವುಟದ ನೀಲಿ ಗೋಲದೊಳಗೆ 27 ನಕ್ಷತ್ರ ಬೇಕೆಂದಾಗ ಅವನು ಕತ್ತರಿ ಕೆಳಗಿಟ್ಟ. "ಇಪ್ಪತ್ತೇಳು ಅಂದ್ರೆ ಅಶ್ವಿನಿಯಿಂದ ರೇವತಿವರ್ಗೂ ಆಯ್ತಲ್ಲಪ್ಪ. ಜೋಯಿಸ್ರತ್ರ ಹೋಗಿ."

ಸ್ಪೇನಿನ ಅಭಿಮಾನಿಗೆ ಖರ್ಚೇ ಇಲ್ಲ. ನಮ್ಮ ಬೀದಿಯ ಹುಡುಗನೊಬ್ಬ ರಾಜ್ಯೋತ್ಸವದ ಬಾವುಟದ ಹಳದಿಯ ಮೇಲೆ ಇನ್ನೊಂದು ಕೆಂಪು ಪಟ್ಟಿ ಹೊಲಿಸಿದ. ಅಳತೆ ಹೆಚ್ಚುಕಮ್ಮಿಯಾದರೂ ದೂರಕ್ಕೆ ಸ್ಪೇನೇ. ಬಾವುಟ ತಿರುಚಿದ್ದು ಯಾರೆಂದು ಕೇಳಲು ಕನ್ನಡ ಸಂಘದವರು ಇಬ್ಬರು ಬಂದರು, ಕಾಫಿ ಕುಡಿದು ಹೋದರು. ಡಿಸೆಂಬರ್ 6ರ ರಾತ್ರಿ ಮೊರಾಕ್ಕೊ ಎದುರು ಸ್ಪೇನ್ ಪೆನಾಲ್ಟಿಯಲ್ಲಿ ಒಂದೂ ಗೋಲು ಹೊಡೆಯಲಾಗದೆ ಸೋತಿತು. ಬೆಳಗ್ಗೆ ನೋಡಿದರೆ ಮೇಲಿನ ಪಟ್ಟಿ ಬಿಚ್ಚಿಹೋಗಿ ತಾಯಿ ಭುವನೇಶ್ವರಿಯ ಸ್ವತ್ತು ತಾಯಿಗೇ ಸೇರಿತ್ತು. ಬ್ರೆಜಿಲಿಗೆ ಈ ಅನುಕೂಲ ಇರಲಿಲ್ಲ. ಡಿಸೆಂಬರ್ 9ರಂದು ಕ್ರೊವೇಷ್ಯಾ ಅದನ್ನು ಮನೆಗೆ ಕಳಿಸಿದ ಮೇಲೆ ಆ ಹಸಿರು ಬಟ್ಟೆ ಕೊಟ್ಟಿಗೆಯ ಕಿಟಕಿಗೆ ಪರದೆಯಾಯಿತು.

ಡಿಸೆಂಬರ್ 18, ಭಾನುವಾರ, ಫೈನಲ್. ಎಚ್.ಡಿ. ಕೋಟೆಯ ಕೆಲವರಿಗೆ ವಯನಾಡಿನಲ್ಲೇ ದೊಡ್ಡ ಪರದೆಯ ಮೇಲೆ ನೋಡುವ ಆಸೆ. ಆಟ ರಾತ್ರಿ ಎಂಟೂವರೆಗೆ, ಕಾಡಿನ ಬಾವಲಿ ರಸ್ತೆ ಸಂಜೆ ಆರಕ್ಕೇ ಬಂದ್. ಆನೆಗಳಿಗೆ ವಿಶ್ವಕಪ್ ಇಲ್ಲ. ಹಾಗಾಗಿ ಹ್ಯಾಂಡ್‌ಪೋಸ್ಟಿನಿಂದ ಒಳಗಿರುವ ಒಂದು ಶುಂಠಿ ಹೊಲದ ಶೆಡ್ಡಿನಲ್ಲೇ ಪಂಚೆ ಕಟ್ಟಿ ಪ್ರೊಜೆಕ್ಟರ್ ಬಿಟ್ಟರು. ಅರವತ್ತು ಕಿಲೋ ಶುಂಠಿ ಮೂಟೆಗಳೇ ಗ್ಯಾಲರಿ. ಕೂತವನು ಎದ್ದಾಗ ಬೆನ್ನೆಲ್ಲ ಮಣ್ಣು, ಮೈಯೆಲ್ಲ ಕಷಾಯದ ವಾಸನೆ. ಅರ್ಜೆಂಟೀನಾ ಎರಡು ಗೋಲು ಮುಂದಿದ್ದಾಗ ಹೊಗೆಸೊಪ್ಪಿನ ಹರಾಜಿನಿಂದ ಬಂದಿದ್ದ ಯಜಮಾನರೊಬ್ಬರು "ನೀಲಿ ಗೆರೆಯವ್ರು ನಮ್ಮೋರು ತಾನೆ?" ಎಂದು ಖಾತ್ರಿ ಮಾಡಿಕೊಂಡು ನಿದ್ದೆ ಹೋದರು. ಎರಡು ನಿಮಿಷದೊಳಗೆ ಎಂಬಾಪೆ ಎರಡು ಹೊಡೆದು ಸಮ ಮಾಡಿದ. ಹೊಲದ ಗುತ್ತಿಗೆದಾರ ಚೇಟ ತಲೆ ಮೇಲೆ ಕೈಹೊತ್ತು ಕೂತ; ಶುಂಠಿ ರೇಟು ಬಿದ್ದ ವರ್ಷವೂ ಅವನು ಹಾಗೆ ಕೂತದ್ದು ಯಾರೂ ಕಂಡಿರಲಿಲ್ಲ. ಆಮೇಲೆ 3–3, ಪೆನಾಲ್ಟಿಯಲ್ಲಿ 4–2. ಅವತ್ತು ಹಾರಿಸಿದ ಪಟಾಕಿಯ ಸದ್ದಿಗೆ ಯಜಮಾನರು ಎದ್ದು, "ಬೇಲು ಎಷ್ಟಕ್ಕೋಯ್ತು?" ಎಂದರಂತೆ.

ಬೈಲುಕುಪ್ಪೆಯ ವಿಷಯ ಬೇರೆ. ಪಿರಿಯಾಪಟ್ಟಣ ತಾಲ್ಲೂಕಿನ ಆ ಟಿಬೆಟನ್ ಶಿಬಿರದಲ್ಲಿ ವರ್ಷವಿಡೀ ಬಾವುಟ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಸಾಲು ಸಾಲು. ಅದು ಪ್ರಾರ್ಥನೆಯ ಬಾವುಟವೆಂದು ತಿಳಿಯದ ನಮ್ಮ ಹುಡುಗನೊಬ್ಬ, ಇಷ್ಟೊಂದು ಅಭಿಮಾನಿಗಳಿರುವ ತಂಡ ಯಾವುದಣ್ಣ ಎಂದು ಕೇಳಿದ್ದ. ತಂಡವೇನೋ ಇದೆ. ಕೆಂಪಂಗಿಯ ಮರಿ ಸನ್ಯಾಸಿಗಳು ಸಂಜೆ ಹೊತ್ತು ಒದೆಯುವ ಚೆಂಡು ನೋಡಿದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಿಜವಾಗಿ ಫುಟ್‌ಬಾಲ್ ಆಡುವವರು ಇವರೇ ಅನಿಸುತ್ತದೆ. 2001ರ ಜೂನ್ 30ರಂದು ಟಿಬೆಟ್ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4–1ರಿಂದ ಸೋತಿತ್ತು. ಆ ಆಟ ಬೇಡವೆಂದು ಚೀನಾ ಮುನಿಸಿಕೊಂಡರೂ ಹಿಮಸಿಂಹದ ಬಾವುಟ ಹಿಡಿದವರು ಅಲ್ಲಿ ನಿಂತು ಕೂಗಿದರು. ಫಿಫಾದಲ್ಲಿ ಮಾತ್ರ ಆ ತಂಡಕ್ಕೆ ಜಾಗವಿಲ್ಲ. ಆದ್ದರಿಂದ ವಿಶ್ವಕಪ್ ಬಂದರೆ ಅಲ್ಲಿಯ ಹುಡುಗರ ಮೈಮೇಲೂ ಮೆಸ್ಸಿಯ ಅಂಗಿಯೇ. ಮೊಮೊ ಅಂಗಡಿಯವನೊಬ್ಬ ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ನನ್ನ ಬಾಯಿ ಮುಚ್ಚಿಸಿದ: "ನಮ್ಗೆ ಟೀಮ್ ಐತೆ ಕಣಣ್ಣ, ಫಿಫಾ ಇಲ್ಲ. ನಿಮ್ಗೆ ಫಿಫಾ ಐತೆ, ವಿಶ್ವಕಪ್ಪಲ್ಲಿ ಟೀಮ್ ಎಲ್ಲೈತೆ?"

ಹೌದು ಮತ್ತೆ. 1950ರಲ್ಲಿ ಬ್ರೆಜಿಲಿಗೇ ಹೋಗಿ ಆಡುವ ಅವಕಾಶ ಸಿಕ್ಕಿದ್ದಾಗ ನಾವು ಹೋಗಲಿಲ್ಲ. ಈಗ ಬ್ರೆಜಿಲನ್ನೇ ಮಾಳಿಗೆಗೆ ಕರೆಸಿಕೊಂಡಿದ್ದೇವೆ. ಬೆಂಗಳೂರಿನ ಗೌತಮಪುರದವರು ಇನ್ನೂ ಮುಂದೆ ಹೋಗಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆ ಪೆಲೆಯ ವಿಗ್ರಹವನ್ನೂ ನಿಲ್ಲಿಸಿದ್ದಾರೆ. ಅವರು ಆಡುವ ಜನ, ನಿಲ್ಲಿಸಲಿ. ನಾವು ಕಟ್ಟುವ ಜನ.

2026ರ ವಿಶ್ವಕಪ್ಪಿಗೆ ತಂಡಗಳು 32ರಿಂದ 48ಕ್ಕೆ ಏರಿದ ಸುದ್ದಿ ಕೇಳಿ ಟೈಲರಣ್ಣ ಮಿಷನ್ ನಿಲ್ಲಿಸಿ ಯೋಚಿಸುತ್ತಾ ಕೂತಿದ್ದ. ಬಾವುಟ ಬೇಕಾದವರು ಬಟ್ಟೆ ನೀವೇ ತಂದು, ಮುಂಗಡ ಕೊಟ್ಟು ಹೋಗಿ. ಗಳ ಕಟ್ಟುವಾಗ ಕರೆಂಟ್ ತಂತಿ ನೋಡಿಕೊಳ್ಳಿ. ಮೆಕ್ಸಿಕೊದ್ದು ಮಾತ್ರ ಕೇಳಬೇಡಿ. ಅದರಲ್ಲಿ ಪಾಪಾಸುಕಳ್ಳಿ, ಕಳ್ಳಿಯ ಮೇಲೆ ಹದ್ದು, ಹದ್ದಿನ ಬಾಯಲ್ಲಿ ಹಾವು ಇದೆ; ಅಷ್ಟು ಕೂಲಿಗೆ ಅಷ್ಟೆಲ್ಲ ಆಗುವುದಿಲ್ಲವೆಂದು ಹೇಳಿಬಿಟ್ಟಿದ್ದಾನೆ.