ಹಗ್ಗ ಐತೇನ್ರಿ?

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ನಿಮ್ಮ ಕಾರು ಕೆಟ್ಟು ನಿಂತಿತು ಎಂದುಕೊಳ್ಳಿ. ದಿಕ್ಕಿಲ್ಲದವರಾದೆವು ಎಂದು ಅಂಜಬೇಕಿಲ್ಲ. ಈ ಸೀಮೆಯವರು ಕಲ್ಲೆದೆಯವರಲ್ಲ. ಎಂಜಿನ್ನಿನ ಹೊಗೆ ಆರುವುದರೊಳಗೆ ಏಳೆಂಟು ಮಂದಿ ಸೇರಿರುತ್ತಾರೆ. ಒಬ್ಬ ಬಾನೆಟ್ ಎತ್ತಿಸುತ್ತಾನೆ. ಇನ್ನೊಬ್ಬ ಬ್ಯಾಟರಿ ವೈರು ಹಿಡಿದು ಅಲುಗಾಡಿಸುತ್ತಾನೆ. ಮತ್ತೊಬ್ಬ ‘ಸೆಲ್ಫ್ ಹೊಡೀರಿ, ಇನ್ನೊಮ್ಮೆ ಹೊಡೀರಿ’ ಎಂದು ಇದ್ದಬದ್ದ ಚಾರ್ಜನ್ನೂ ಖಾಲಿ ಮಾಡಿಸುತ್ತಾನೆ. ಅಷ್ಟರಲ್ಲಿ ಗದ್ದೆಯಿಂದ ಹೊರಟ ಟ್ರ್ಯಾಕ್ಟರೊಂದಕ್ಕೆ ಯಾರೋ ಕೈ ಅಡ್ಡ ಹಿಡಿದಿರುತ್ತಾರೆ. ಆಯಿಲ್ ಬದಲಿಸಿದ್ದು ಯಾವಾಗ, ಕೂಲೆಂಟ್ ಇದೆಯೋ ಇಲ್ಲವೋ ಎಂದು ಕೇಳಿ ಮಾಲೀಕನ ಮನಸ್ಸು ನೋಯಿಸುವಂಥವರು ಆ ಗುಂಪಿನಲ್ಲಿ ಒಬ್ಬರೂ ಇರುವುದಿಲ್ಲ. ಟ್ರ್ಯಾಕ್ಟರಿನವನಂತೂ ಇಳಿಯುವುದೂ ಇಲ್ಲ. ಕೂತಲ್ಲಿಂದಲೇ ಕೇಳುತ್ತಾನೆ: “ಸಾಹೇಬ್ರ, ಹಗ್ಗ ಐತೇನ್ರಿ?”

ಇರುವುದಿಲ್ಲ. ಡಿಕ್ಕಿ ತೆಗೆದರೆ ಅಂಜನಾದ್ರಿ ಬೆಟ್ಟದ ಹನುಮಪ್ಪನ ಪ್ರಸಾದದ ಚೀಲ, ಹೋದ ದಸರೆಯ ಒಣಗಿದ ಚೆಂಡುಹೂವಿನ ಹಾರ, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ, ಇವುಗಳ ಕೆಳಗೆ ಗಾಳಿಯಿಲ್ಲದ ಸ್ಟೆಪ್ನಿ. ಸ್ಟೆಪ್ನಿಯ ಪಕ್ಕದ ರೆಕ್ಸಿನ್ ಚೀಲದಲ್ಲಿ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಕೊಂಡಿ ಇರುತ್ತದೆ. ಒಂದು ತುದಿಯಲ್ಲಿ ಬಳೆಯಂಥ ಕಣ್ಣು, ಇನ್ನೊಂದು ತುದಿಯಲ್ಲಿ ತಿರುಪಿನ ಮರೆ. ಬಂಪರಿನ ಮೂಲೆಯಲ್ಲಿ ಬೆರಳಗಲದ ಪುಟ್ಟ ಮುಚ್ಚಳವೊಂದಿದೆ. ಅದನ್ನು ಕಿತ್ತು, ಹಿಂದಿನ ತೂತಿಗೆ ಈ ಕೊಂಡಿಯನ್ನು ಬಿಗಿಯಾಗಿ ತಿರುಪಿ, ಹಗ್ಗವನ್ನು ಅದಕ್ಕೇ ಕಟ್ಟಬೇಕು ಎಂದು ಕಂಪನಿಯವರು ಕೊಟ್ಟದ್ದು. ಎಂಟು ವರ್ಷದಿಂದ ಆ ಕಾರು ಓಡಿಸುತ್ತಿರುವ ಧಣಿ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು, “ಇದೇನು, ಸೀಟಿಂದೇನಾರ ಬಿಚ್ಚಿ ಬಿದ್ದೈತೇನು?” ಎನ್ನುತ್ತಾರೆ. ಮತ್ತೆ ಚೀಲಕ್ಕೇ ಹಾಕುತ್ತಾರೆ. ಹಗ್ಗವನ್ನು ಕಣ್ಣಿಗೆ ಕಂಡದ್ದಕ್ಕೆ ಕಟ್ಟಲಾಗುತ್ತದೆ. ಕಣ್ಣಿಗೆ ಮೊದಲು ಕಾಣುವುದು ಬಂಪರು. ಬಂಪರು ಪ್ಲಾಸ್ಟಿಕ್ಕಿನದು. ಟ್ರ್ಯಾಕ್ಟರಿನವ ಕ್ಲಚ್ ಬಿಟ್ಟ ಕೂಡಲೇ ಬಂಪರು ಗಂಗಾವತಿಯ ಗ್ಯಾರೇಜಿಗೆ ಹೊರಡುತ್ತದೆ, ಕಾರು ಆನೆಗೊಂದಿ ರಸ್ತೆಯಲ್ಲೇ ಉಳಿಯುತ್ತದೆ.

ಹಗ್ಗವಾದರೂ ಎಂಥದು? ಭತ್ತದ ಹುಲ್ಲು ಬಿಗಿಯುವ ನಾರಿನ ಹಗ್ಗ, ಎತ್ತಿನ ಕಣ್ಣಿ, ಬೋರಿನ ಮೋಟರ್ ಎತ್ತಲು ತಂದ ನೈಲಾನ್. ಮೂರೂ ಸಿಗದಿದ್ದರೆ ಮೂರನ್ನೂ ಸ್ವಲ್ಪಸ್ವಲ್ಪ ಸೇರಿಸಿ ಗಂಟು ಹಾಕಿದ್ದು. ಟನ್ನುಗಟ್ಟಲೆ ತೂಕ ಎಳೆಯಲು ನೇಯ್ದ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದನ್ನು ಕೊಂಡಿಟ್ಟುಕೊಂಡರೆ ಗಾಡಿ ಕೆಡಲಿ ಎಂದು ನಾವೇ ಬಯಸಿದಂತೆ ಆಗುವುದಿಲ್ಲವೇ? ಅಪಶಕುನ.

ದೇಶದಲ್ಲಿ ಇದಕ್ಕೆ ಕಾನೂನು ಇಲ್ಲದಿಲ್ಲ. 1989ರ ರಸ್ತೆ ನಿಯಮಗಳನ್ನು ಬರೆದವರು ಎಳೆದೊಯ್ಯುವುದಕ್ಕೂ ಒಂದು ಕಲಮು ಇಟ್ಟರು. ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆಯಬಹುದು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಗಂಟೆಗೆ 24 ಕಿಲೋಮೀಟರ್ ದಾಟಕೂಡದು. ಹಗ್ಗ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು. ಎಳೆಸಿಕೊಳ್ಳುವ ಗಾಡಿಯ ಸ್ಟೇರಿಂಗ್ ಹಿಡಿದವನಿಗೆ ಲೈಸೆನ್ಸ್ ಇರಬೇಕು. ಅದರ ಬೆನ್ನಿಗೆ ಬಿಳಿ ಹಲಗೆಯ ಮೇಲೆ 75 ಮಿಲಿಮೀಟರ್ ಎತ್ತರದ ಕಪ್ಪಕ್ಷರದಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು. 2017ರಲ್ಲಿ ಹಳೆಯ ನಿಯಮ ಹೋಗಿ ಹೊಸವು ಬಂದವು. ನಮ್ಮ ಕಡೆ ಎರಡಕ್ಕೂ ಸಮಾನ ಗೌರವ ಇದೆ. ಎರಡನ್ನೂ ಓದಿಲ್ಲ.

ಕಾರಿನ ಬೆನ್ನಿನ ಮೇಲೆ ಬರಹಕ್ಕೆ ಜಾಗವೂ ಇಲ್ಲ. ಕಾಸರಗೋಡು ಕಡೆಯ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಬರೆದ ಹುಬ್ಬು ಗಂಟಿಕ್ಕಿದ ಹನುಮಂತ ಹಿಂದಿನ ಗಾಜನ್ನೆಲ್ಲ ತುಂಬಿದ್ದಾನೆ. ಅಂಜನಾದ್ರಿಗೆ ಬರುವ ಗಾಡಿ ಅಂದಮೇಲೆ ಆತ ಇರಲೇಬೇಕು. ಅಷ್ಟು ಕಾರುಗಳ ಹಿಂದೆ ಕೂತು, ಅಷ್ಟು ಸವೆದ ಟೈರುಗಳನ್ನು ಹತ್ತಿರದಿಂದ ನೋಡುತ್ತ ಬಂದವನು ಹುಬ್ಬು ಗಂಟಿಕ್ಕದೆ ಇನ್ನೇನು ಮಾಡಿಯಾನು?

ಎಳೆಯುವಾಗ ಸ್ಟೇರಿಂಗ್ ಹಿಡಿಯುವ ಕೆಲಸ ಸಾಮಾನ್ಯವಾಗಿ ಮನೆಯ ಎಸ್ಸೆಸ್ಸೆಲ್ಸಿ ಹುಡುಗನಿಗೆ ಬೀಳುತ್ತದೆ. ಧಣಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಈ ಸಲದ ಸೋನಾ ಮಸೂರಿ ರೇಟಿನ ಬಗ್ಗೆ ಮಾತಿಗಿಳಿದಿರುತ್ತಾರೆ. ಎಂಜಿನ್ ಸ್ತಬ್ಧವಾದ ಮೇಲೆ ಬ್ರೇಕಿನ ಬೂಸ್ಟರ್ ಎರಡು ಮೂರು ಸಲ ತುಳಿಯುವುದರೊಳಗೆ ಸತ್ತುಹೋಗುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ, ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಕೀಲಿ ತೆಗೆದುಬಿಟ್ಟರೆ ಸ್ಟೇರಿಂಗ್ ಲಾಕೇ ಬೀಳಬಹುದು. ಇದನ್ನು ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ಹೇಳಿದ್ದು ಇಷ್ಟೇ: “ನೀ ಸುಮ್ನ ಹಿಡ್ಕೊಂಡು ಕುಂದರ್ಲೇ ತಮ್ಮಾ, ಏನೂ ಆಗಂಗಿಲ್ಲ.” ಗಾಡಿ ಆಟೋಮ್ಯಾಟಿಕ್ ಆಗಿದ್ದರೆ ಓಡಿಸುವ ಗಾಲಿಗಳನ್ನು ನೆಲಕ್ಕೆ ತಾಗಿಸಿ ಎಳೆಯಲೇಬಾರದು, ಗೇರ್‌ಬಾಕ್ಸ್ ಒಳಗೆ ಆಯಿಲ್ ಓಡಾಡದೆ ಸುಟ್ಟುಹೋಗುತ್ತದೆ, ಲಾರಿಯ ಮೇಲೇ ಹೇರಬೇಕು. ಅದರ ಬಿಲ್ಲು ಬಂದ ದಿನ ಮಾತ್ರ ಈ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ.

ವಿಮೆಯ ಜೊತೆ ಬರುವ ರಸ್ತೆ ನೆರವು ಇದೆಯಲ್ಲ ಎನ್ನಬಹುದು. ಇದೆ. ಫೋನಿನ ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ‘ಹತ್ತಿರದ ಲ್ಯಾಂಡ್‌ಮಾರ್ಕ್ ಹೇಳಿ ಸರ್’ ಎನ್ನುತ್ತಾಳೆ. ಸುತ್ತ ಭತ್ತ, ಅದರಾಚೆ ಬಂಡೆ, ಅದರಾಚೆಯೂ ಬಂಡೆ. 1033 ಒತ್ತೋಣವೆಂದರೆ ಅದು ರಾಷ್ಟ್ರೀಯ ಹೆದ್ದಾರಿಯವರ ನಂಬರು. ಕುಷ್ಟಗಿಯವರು ಪುಣ್ಯವಂತರು, ಅವರ ಪಕ್ಕದಲ್ಲೇ ಹೆದ್ದಾರಿ 50 ಇದೆ, ಕೆಟ್ಟು ನಿಲ್ಲುವ ಆಸೆಯಿದ್ದವರು ಅಲ್ಲಿಗೆ ಹೋಗಿ ನಿಲ್ಲಬೇಕು.

ಇನ್ನು ನಿರ್ವಹಣೆ. ನಾವು ಗಾಡಿಯನ್ನು ನೋಡಿಕೊಳ್ಳುವುದಿಲ್ಲ ಎಂದು ಯಾರಾದರೂ ಅಂದರೆ ಒಪ್ಪಲಾರೆ. ಅಮಾವಾಸ್ಯೆ ತಪ್ಪಿಸಿದವರುಂಟೆ? ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ, ಕನ್ನಡಿಗೆ ಕರಿದಾರ, ಹೆಡ್‌ಲೈಟಿಗೆ ಕುಂಕುಮ. ಅದು ಒಣಗಿ ಗಾಜಿಗೆ ಕಚ್ಚಿ, ರಾತ್ರಿ ಎದುರಿನ ದಾರಿಯೆಲ್ಲ ನಸುಗೆಂಪಾಗಿ ಕಾಣುತ್ತದೆ. ಅಂಜನಾದ್ರಿಗೆ 575 ಮೆಟ್ಟಿಲು ಎಂದು ನಿದ್ದೆಯಲ್ಲೂ ಹೇಳುವ ಧಣಿಗೆ ತನ್ನ ಟೈರಿನ ಗಾಳಿ ಎಷ್ಟಿರಬೇಕೆಂದು ಗೊತ್ತಿಲ್ಲ. ಅದು ಚಾಲಕನ ಬಾಗಿಲು ತೆಗೆದರೆ ಕಾಣುವಲ್ಲೇ ಬರೆದಿರುತ್ತದೆ. ಟೈರಿನ ಪಕ್ಕೆಯ ಮೇಲೆ ಅಂಡಾಕಾರದೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3214 ಎಂದಿದ್ದರೆ ಅದು 2014ರ ಮೂವತ್ತೆರಡನೇ ವಾರ ಹುಟ್ಟಿದ್ದು. ಕಾರಿಗೆ ಹೆಸರಿಡಲು ಜಾತಕ ತೋರಿಸಿದವರು ಈ ಜಾತಕ ನೋಡಿದ್ದಿಲ್ಲ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಅದು ಮುಗಿಯಿತು. ನಮ್ಮಲ್ಲಿ ಒಳಗಿನ ತಂತಿ ಹೊರಗೆ ಬಂದು ನಮಸ್ಕಾರ ಮಾಡಿದ ಮೇಲೆ ಮುಗಿಯುತ್ತದೆ.

ಹಾಗೆ ನೋಡಿದರೆ ಈ ಊರುಗಳಲ್ಲಿ ಗಾಡಿ ಬೇರೆ ಕಡೆಗಿಂತ ಹೆಚ್ಚು ಆರೈಕೆ ಬೇಡುತ್ತದೆ. ತುಂಗಭದ್ರೆಯ ಎಡದಂಡೆ ನಾಲೆ ಇದನ್ನು ಭತ್ತದ ಕಣಜ ಮಾಡಿತು, ಜೊತೆಗೆ ಸುಗ್ಗಿಯ ಹೊತ್ತಿಗೆ ರಸ್ತೆಯನ್ನೇ ಕಣ ಮಾಡಿತು. ಭತ್ತದ ಸುಂಕು, ರೈಸ್‌ಮಿಲ್ಲಿನ ಧೂಳು ಹೊಕ್ಕು ಏರ್ ಫಿಲ್ಟರ್ ಹೊದಿಕೆಯಾಗುತ್ತದೆ. ಟ್ರ್ಯಾಕ್ಟರುಗಳು ಕೆಸರುಗದ್ದೆಯ ಕೇಜ್‌ವೀಲ್ ಬಿಚ್ಚದೆ ಡಾಂಬರಿನ ಮೇಲೆ ಬರುತ್ತವೆ, ಆ ಕಬ್ಬಿಣದ ಪಟ್ಟಿಗಳು ರಸ್ತೆಯನ್ನು ಉತ್ತು ಬಿಡುತ್ತವೆ. ಹಾಸಿದ ಹುಲ್ಲಿನ ಮೇಲೆ ಹಾಯ್ದ ಕಾರಿನ ಕೆಳಗೆ ಹುಲ್ಲು ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಲೂಬಹುದು. ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ, ಅದನ್ನೂ ಗಣಪನ ವಾಹನವೆಂದು ಬಿಟ್ಟಿರುತ್ತಾರೆ. ಕಂಪನಿಯವರು ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ ಆಯಿಲ್ ಬದಲಿಸಿ ಎಂದದ್ದು ಬೆಂಗಳೂರಿನವರಿಗೆ ಹೇಳಿದ್ದು. ಇಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿ, “ಕಪ್ಪಗ ಐತಿ ಅಂದ್ರ ಚೊಲೊ ಪಳಗೇತಿ ಬಿಡ್ರಿ” ಎನ್ನುವ ತಜ್ಞರಿದ್ದಾರೆ.

ಆಯುಧಪೂಜೆಯ ನಾಡಿದು ಎಂದು ನಾವು ಎದೆ ಉಬ್ಬಿಸುತ್ತೇವೆ. ಸರಿಯೇ. ಹೊಳೆಯ ಆಚೆ ಹಂಪಿಯಲ್ಲಿ ಮಹಾನವಮಿ ದಿಬ್ಬ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಅಲ್ಲಿನ ಮಹಾನವಮಿ ಹಬ್ಬವನ್ನು ಕಣ್ಣಾರೆ ಕಂಡು ಬರೆದ. ಶೃಂಗರಿಸಿದ ಕುದುರೆ, ಆನೆ, ಕುಣಿತ, ಬಲಿ ಎಲ್ಲ ಆದಮೇಲೆ ಅರಸ ಖುದ್ದು ಹೊರಟು ತನ್ನ ದಂಡಿನ ಸಾಲುಗಳ ನಡುವೆ ಹಾಯ್ದು ಎಲ್ಲವನ್ನೂ ನೋಡುತ್ತಿದ್ದ. ನಮ್ಮ ಪಾಲಿಗೆ ಬಂದದ್ದು ಶೃಂಗಾರ, ನೋಡುವ ಕೆಲಸ ಹೊಳೆಯ ಆಚೆಯೇ ಉಳಿಯಿತು. ಅದೇ ಪಾಯಸ್ ಆನೆಗೊಂದಿಗೆ ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನೂ ಕಂಡಿದ್ದ. ಬೆತ್ತದ ಹೆಣಿಗೆ, ಮೇಲೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುವಂಥವು. ಇಂದಿನ ಹರಿಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಅಂಬಿಗ ಅದನ್ನು ಬೋರಲು ಹಾಕಿ, ಬೆರಳಾಡಿಸಿ, ಸೀಳು ಕಂಡಲ್ಲೆಲ್ಲ ಡಾಂಬರು ಮೆತ್ತಿದ ಮೇಲೇ ನೀರಿಗೆ ಇಳಿಸುತ್ತಾನೆ. ಆತನೂ ಅದರಲ್ಲೇ ಕೂರಬೇಕಲ್ಲ! ಅದೇ ದಡದಿಂದ ಆಚೆಯ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಮುಗಿಯುವ ಮುನ್ನವೇ ಕುಸಿದು ಕೂಲಿಕಾರರ ಜೀವ ತೆಗೆಯಿತು. ಅದನ್ನು ಮಂಜೂರು ಮಾಡಿದವರು ಯಾರೂ ಅದರ ಮೇಲೆ ನಿಂತಿರಲಿಲ್ಲ.

ಕಾರಿನ ಧಣಿಯನ್ನೇ ಯಾಕೆ ಆಡಿಕೊಳ್ಳಬೇಕು? ಈ ಸೀಮೆಯ ಅತಿ ದೊಡ್ಡ ಯಂತ್ರ ಮುನಿರಾಬಾದಿನಲ್ಲಿದೆ. 33 ಗೇಟುಗಳ ತುಂಗಭದ್ರಾ ಅಣೆಕಟ್ಟು. 1953ರಿಂದ ನೀರು ಹಿಡಿಯುತ್ತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಗ ಡ್ಯಾಮು ತುಂಬಿ ತುಳುಕುತ್ತಿತ್ತು. ಮುರಿದ ಒಂದು ಗೇಟಿನ ಭಾರ ಇಳಿಸಲು ಉಳಿದವನ್ನೂ ತೆರೆದು ಲಕ್ಷ ಕ್ಯುಸೆಕ್ ಲೆಕ್ಕದಲ್ಲಿ ನೀರು ಬಿಟ್ಟರು. ಎರಡನೇ ಬೆಳೆಯ ನೀರು ಆನೆಗೊಂದಿಯ ಬಂಡೆಗಳ ನಡುವೆ ಹಾಯ್ದು ಹೋಗುವುದನ್ನು ರೈತರು ದಂಡೆಯಲ್ಲಿ ನಿಂತು ನೋಡಿದರು. ಈ ಡ್ಯಾಮಿನ ಮಾಲೀಕರು ಯಾರು ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ, ನಡುವೆ ಒಂದು ಮಂಡಳಿ. ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿರುವ ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚುವುದು ಯಾರು ಎಂಬ ಹಳೆಯ ಪ್ರಶ್ನೆಯೇ ಇದು. ಹೊಲ ಉಳುವಾಗ ಮೂವರೂ ಹಾಜರು.

ಆಮೇಲೆ ನಡೆದದ್ದು ನಿಜವಾಗಿಯೂ ಸಾಹಸ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನ ನಡುವೆ ಕ್ರೇನಿನಿಂದ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿಸಿದರು. ನಾಡೆಲ್ಲ ಕೊಂಡಾಡಿತು, ಕೊಂಡಾಡಬೇಕಾದ್ದೇ. ಆದರೆ ಆ ಚೈನಿನ ಕೊಂಡಿಗಳನ್ನು ಬೇಸಿಗೆಯಲ್ಲಿ ಒಂದೊಂದಾಗಿ ತಟ್ಟಿ ನೋಡಿ, ‘ಇದು ಸವೆದಿದೆ ಸಾರ್, ಬದಲಿಸಬೇಕು’ ಎಂದು ಕಾಗದ ಬರೆಯುವ ನೌಕರನೊಬ್ಬ ಇದ್ದನೆಂದು ಊಹಿಸಿ. ಅವನಿಗೆ ಯಾರು ಶಾಲು ಹೊದಿಸುತ್ತಿದ್ದರು? ‘ಅನುದಾನ ಲಭ್ಯವಿಲ್ಲ’ ಎಂಬ ಷರಾ ಬರುತ್ತಿತ್ತು, ಹೆಚ್ಚು ತಟ್ಟಿದರೆ ವರ್ಗ. ಕೆಟ್ಟದ್ದನ್ನು ಎಳೆದು ತಂದವನಿಗೆ ಮೆರವಣಿಗೆ, ಕೆಡದ ಹಾಗೆ ನೋಡಿಕೊಂಡವನ ಹೆಸರೇ ಯಾರಿಗೂ ಗೊತ್ತಿಲ್ಲ. ತುಂಬಿದ ಡ್ಯಾಮಿಗೆ ಬಾಗಿನ ಕೊಡಲು ಹೆಲಿಕಾಪ್ಟರಿನಲ್ಲಿ ಬರುತ್ತಾರೆ, ಖಾಲಿ ಡ್ಯಾಮಿನ ಚೈನು ನೋಡಲು ಯಾರು ಬಂದಾರು? ಮರುವರ್ಷ ಮಳೆರಾಯ ಕೈಬಿಡಲಿಲ್ಲ, ಗೇಟುಗಳನ್ನು ನಂಬಲಾಗದೆ 105 ಟಿಎಂಸಿಯ ಡ್ಯಾಮನ್ನು 80ಕ್ಕೆ ನಿಲ್ಲಿಸಬೇಕಾಯಿತು.

ಈಗ ಧಣಿಯ ಅಂಗಳಕ್ಕೆ ಬನ್ನಿ. ಆಯುಧಪೂಜೆ. ಕಾರಿಗೆ ಬಾಳೆಕಂಬ ಕಟ್ಟಿದೆ. ವೈಪರಿಗೆ ಸಿಕ್ಕುವಷ್ಟು ಹಾರ ಬಿದ್ದಿವೆ. ಬೂದುಗುಂಬಳ ಒಡೆದಾಗಿದೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದಾರೆ, ಗಾಡಿ ಒಂದು ಮಾರು ಮುಂದೆ ಹೋದರೆ ಪೂಜೆ ಮುಗಿಯಿತು. ಸೆಲ್ಫ್ ಹೊಡೆದರೆ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಪಕ್ಕದ ಮನೆಯ ಟ್ರ್ಯಾಕ್ಟರಿನವನನ್ನು ಕೂಗಿದರು. ಆತ ಅಡ್ಡಡ್ಡ ತಲೆಯಾಡಿಸಿದ.

“ಪೂಜಿ ಮಾಡಿ ನಿಲ್ಸೇನ್ರಿ. ಇವತ್ತ ಕೆಲಸಕ್ಕ ಹಚ್ಚಬಾರ್ದು.”

“ಇದು ಕೆಲಸ ಅಲ್ಲೋ ಮಾರಾಯ, ದೇವರ ಕಾರ್ಯ,” ಎಂದರು ಪೂಜಾರಪ್ಪ. ಅವರಿಗೆ ಇನ್ನೂ ಆರು ಮನೆ ಬಾಕಿ ಇತ್ತು.

ದೇವರ ಕಾರ್ಯವಾದ್ದರಿಂದ ಟ್ರ್ಯಾಕ್ಟರ್ ಬಂತು, ಹಾರ ಸಮೇತ. ಬಂಪರಿಗೇ ಕಟ್ಟಿದರು. ಹ್ಯಾಂಡ್‌ಬ್ರೇಕ್ ಇಳಿಸಿಲ್ಲ ಎಂದು ಯಾರೋ ಕೂಗಿದ್ದು ಹಲಗೆ ಬಾರಿಸುವ ಸದ್ದಿನಲ್ಲಿ ಕೇಳಲಿಲ್ಲ. ಒಂದು ಜಗ್ಗು. ಮೂರು ನಿಂಬೆಹಣ್ಣು ಚಿಲ್ಲೆಂದು ಒಡೆದವು. ನಾಲ್ಕನೆಯದು ಸ್ವಲ್ಪ ಕಾಯಿ ಇತ್ತು, ಅದರ ಮೇಲಿನ ಟೈರು 2014ರದು. ಟೈರು ಒಡೆಯಿತು.

“ದೊಡ್ಡ ದೃಷ್ಟಿ ಇತ್ರಿ ಧಣಿ, ಹೋತು,” ಎಂದು ಪೂಜಾರಪ್ಪ ತಟ್ಟೆ ಮುಂದೆ ಹಿಡಿದರು.