ರಾಯದುರ್ಗಕ್ಕೊಂದು ಚೌಕ, ಮಡಕಶಿರಾಕ್ಕೊಂದು ಚೌಕ

ಆಕಾಶದ ಲೆಕ್ಕದಲ್ಲಿ ರಾಯದುರ್ಗ ಒಂದು ಚೌಕ, ಮಡಕಶಿರಾ ಇನ್ನೊಂದು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರಾಡಾರ್‌ನಿಂದ ನೆಲದ ಏರುತಗ್ಗು ಅಳೆಯಿತಲ್ಲ, ಆ ಅಳತೆಯನ್ನು ಒಂದೊಂದು ಡಿಗ್ರಿಯ ಚೌಕ ಮಾಡಿ ಹಂಚಿದ್ದಾರೆ. ರಾಯದುರ್ಗ ಇರುವುದು ‘ಎನ್14ಇ076’ ಎಂಬ ಕಡತದಲ್ಲಿ, ಮಡಕಶಿರಾ ‘ಎನ್13ಇ077’ರಲ್ಲಿ. ಮುನಿಸಿಕೊಂಡ ದಾಯಾದಿಗಳ ಹೊಲದ ಹಾಗೆ ಇವೆರಡೂ ಮೂಲೆಯಲ್ಲಷ್ಟೇ ಮುಟ್ಟುತ್ತವೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಕೂರಿಸಬೇಕೆಂದರೆ ಅಕ್ಕಪಕ್ಕದ ಇನ್ನೆರಡು ಚೌಕಗಳನ್ನೂ ಕರೆಯಬೇಕು.

ಈ ಪಂಚಾಯ್ತಿಗೆ ಜಿಡಿಎಎಲ್ ಎಂಬ ತಂತ್ರಾಂಶವಿದೆ. ಕೆನಡಾದ ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಶುರುಮಾಡಿದ್ದು, ದುಡ್ಡು ಕಾಸು ಕೇಳುವುದಿಲ್ಲ. ಒತ್ತಲು ಗುಂಡಿಗಳೂ ಇಲ್ಲ, ಬರೀ ಕಪ್ಪು ಕಿಟಕಿ. ಆಜ್ಞೆ, ಬೇಕಾದ ನಮೂನೆ, ಇರುವ ಕಡತ, ಬರಬೇಕಾದ ಕಡತ, ಇಷ್ಟನ್ನು ಒಂದೇ ಸಾಲಿನಲ್ಲಿ ಟೈಪಿಸಿ ಎಂಟರ್ ಒತ್ತಿದರೆ ಅದು 0, 10, 20 ಎಂದು ಚುಕ್ಕಿಯಿಡುತ್ತಾ ಗೊಣಗಿ, 100 ಮುಟ್ಟಿದ ಮೇಲೆ ‘ಡನ್’ ಎಂದು ಸುಮ್ಮನಾಗುತ್ತದೆ. ಹೊಗಳಿಕೆ ಕಾಯದ ಇಂಥ ಕೆಲಸಗಾರರು ಮನುಷ್ಯರಲ್ಲಿ ಕಡಿಮೆ.

ಮೂಲ ಕಡತ ಮಾತ್ರ ವಿಚಿತ್ರ. 3601 ಸಾಲು, ಸಾಲಿಗೆ 3601 ಸಂಖ್ಯೆ, ಬೇರೆ ಪೀಠಿಕೆಯೇ ಇಲ್ಲ. ಕಡತದ ಹೆಸರಿನಲ್ಲಿರುವ ಅಕ್ಷಾಂಶ, ರೇಖಾಂಶವೇ ವಿಳಾಸ. ಯಾರಾದರೂ ಕಿಡಿಗೇಡಿ ‘13’ ಅಳಿಸಿ ‘03’ ಎಂದು ಬರೆದರೆ ಮಡಕಶಿರಾದ ಕೋಟೆಬೆಟ್ಟ ಹಿಂದೂ ಮಹಾಸಾಗರದ ನಡುವೆ ಎದ್ದು ನಿಲ್ಲುತ್ತದೆ. ಪ್ರತಿ ಸಂಖ್ಯೆಗೂ ಎರಡು ಬೈಟ್, ಹಿರಿಯದು ಮೊದಲು. ನಮ್ಮ ಮನೆಯ ಕಂಪ್ಯೂಟರುಗಳಿಗೋ ಕಿರಿಯದನ್ನು ಮೊದಲು ಓದುವ ಚಾಳಿ. ತಿರುಗಿಸದೆ ಓದಿದರೆ 600 ಮೀಟರ್ ಎತ್ತರದ ಹೊಲ 22,530 ಮೀಟರಿಗೆ ಏರಿ ಎವರೆಸ್ಟನ್ನು ಎರಡೂವರೆ ಪಟ್ಟು ಮೀರುತ್ತದೆ. ಅಲ್ಲಿಗೆ ಹತ್ತಿ ಕಡ್ಲೆಕಾಯಿ ಬಿತ್ತುವವರು ಯಾರು? ಅಳತೆ ಸಿಗದ ಕಡೆ −32768 ಎಂದು ಗುರುತು ಹಾಕಿರುತ್ತಾರೆ. ಅದು ಬರೀ ಗುರುತು ಎಂದು ತಂತ್ರಾಂಶಕ್ಕೆ ತಿಳಿಯದಿದ್ದರೆ ಮೂವತ್ತೆರಡು ಕಿಲೋಮೀಟರಿನ ಗುಂಡಿ ಬೀಳುತ್ತದೆ. ಸಾವಿರ ಅಡಿ ಕೊರೆಸಿಯೂ ಧೂಳನ್ನೇ ಕಂಡ ನಮ್ಮ ಸೀಮೆಯವರಿಗೆ ಅಂಥ ಬೋರ್‌ವೆಲ್ ಕಂಡರೆ ಆಸೆಯಾದೀತು.

ಜಿಡಿಎಎಲ್ ಈ ತಿರುಗುಮುರುಗನ್ನೆಲ್ಲ ತಾನೇ ನೋಡಿಕೊಂಡು, ಕೇಳಿದರೆ ಇಡೀ ಚೌಕವನ್ನು ಕಣ್ಣಿಗೆ ಕಾಣುವ ಅಂಕಿಗಳ ಪಠ್ಯವಾಗಿಸಿ ಕೊಡುತ್ತದೆ. ಮೇಲೆ ಆರು ಸಾಲು: ಎಷ್ಟು ಕಾಲಮ್ಮು, ಎಷ್ಟು ಸಾಲು, ಕೆಳಗಿನ ಎಡಮೂಲೆ ಎಲ್ಲಿ, ಒಂದು ಮನೆಯ ಅಗಲವೆಷ್ಟು, ಇಲ್ಲದ್ದಕ್ಕೆ ಗುರುತೇನು. ಆಮೇಲೆ ಒಂದು ಕೋಟಿ ಮೂವತ್ತು ಲಕ್ಷದಷ್ಟು ಎತ್ತರಗಳು. ಮಡಕಶಿರಾ ಕಡೆಯ ರೊಳ್ಳದ ಹತ್ತಿರದ ನಮ್ಮ ಚಿಕ್ಕಪ್ಪ ಒಮ್ಮೆ ಇದನ್ನು ಬಗ್ಗಿ ನೋಡಿ, “ಇದ್ರಾಗೆ ನಮ್ಮ ಹೊಲ ಯಾವುದಪ್ಪಾ?” ಎಂದರು. ಎಕರೆಗೆ ಸುಮಾರು ನಾಲ್ಕೂವರೆ ಅಂಕಿ ಎಂದೆ. “ಗಡಿಕಲ್ಲು?” ಅಂಕಿಗಳಲ್ಲಿ ಗಡಿಕಲ್ಲು ಇರುವುದಿಲ್ಲ ಎಂದಾಗ ಅವರಿಗೆ ಈ ವಿದ್ಯೆಯ ಮೇಲಿದ್ದ ಗೌರವ ಅರ್ಧ ಇಳಿಯಿತು.

ಗಡಿ ಎಂದರೆ ನೆನಪಾಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿ ಅನಂತಪುರದ ಪಾಲಾಯಿತು. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮನೆಮಾತು ಕನ್ನಡ, ಹೊಲದ ದಾಖಲೆಯಾದ ಅಡಂಗಲ್ ತೆಲುಗು. ಮೇಲಿನ ಆರು ಸಾಲು ಎಷ್ಟು ಸಲ ತಿದ್ದಿದರೂ ಕೆಳಗಿನ ಎತ್ತರಗಳು ಕದಲಿಲ್ಲ.

ಎತ್ತರ ಮುಗಿಸಿ ಚಿಕ್ಕಪ್ಪ ಮಳೆಗೆ ಬಂದರು. ಹವಾಮಾನ ಇಲಾಖೆಯ ಬಳಿ 1901ರಿಂದೀಚಿನ ದಿನದಿನದ ಮಳೆ ಕಾಲು ಡಿಗ್ರಿಯ ಚೌಕಗಳಲ್ಲಿದೆ, ದೇಶಕ್ಕೆಲ್ಲ 135 ಅಡ್ಡ, 129 ಉದ್ದ. “ಒಂದು ಚೌಕ ಎಷ್ಟು?” ಸುಮಾರು ಇಪ್ಪತ್ತೇಳು ಕಿಲೋಮೀಟರ್. “ನಮ್ಮ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದು ಬಿಡುತ್ತೆ, ಇಷ್ಟಗಲಕ್ಕೂ ಒಂದೇ ಲೆಕ್ಕವಾ?” ಆಜ್ಞೆಗೆ ಕೆಲವು ಪದ ಸೇರಿಸಿದರೆ ಅದೇ ಚೌಕವನ್ನು ನೂರು ಚೂರು ಮಾಡಿ, ಅಂಚು ಸವರಿ, ರೇಷ್ಮೆಯ ನುಣುಪಿನ ನಕ್ಷೆ ಕೊಡಬಹುದು. ಹೊಸದಾಗಿ ಒಂದು ಹನಿಯೂ ಅದರಲ್ಲಿರುವುದಿಲ್ಲ. ಇಂಥ ನಕ್ಷೆ ಹಿಡಿದು ಊರೂರಿನ ಮಳೆ ಹೇಳುವವರನ್ನು ಕಂಡರೆ ನನಗೆ ಗಾಬರಿ. ಚಿಕ್ಕಪ್ಪನಿಗೆ ಹಾಗೇನೂ ಆಗಲಿಲ್ಲ.

“ಚೂರು ಮಾಡೋದು ನಿನ್ನ ಕೈಲೇ ಇದ್ರೆ, ನಮ್ಮ ಚೂರಿಗೆ ಮಳೆ ಒಂಚೂರು ಕಮ್ಮಿ ಹಾಕಪ್ಪ. ಇನ್ಸೂರೆನ್ಸ್ ಆದ್ರೂ ಬರ್ಲಿ.”