ಕುಂಡದ ರೋಗಿಗೆ ಊರೆಲ್ಲ ವೈದ್ಯರು

ಮನುಷ್ಯರಿಗೆ ಜ್ವರ ಬಂದರೆ ಗೇಟಿನಾಚೆಯಿಂದಲೇ ವಿಚಾರಿಸಿ ಹೋಗುವವರು, ಟೊಮೆಟೊ ಎಲೆಗೆ ಚುಕ್ಕೆ ಬಿತ್ತೆಂದರೆ ತಾರಸಿಯವರೆಗೂ ಹತ್ತಿ ಬರುತ್ತಾರೆ. ಶಿವಮೊಗ್ಗದ ನಮ್ಮ ಮನೆಯ ನಾಲ್ಕು ಕುಂಡಗಳಿಗೆ ವೈದ್ಯರ ಕೊರತೆಯಿಲ್ಲ.

ಪುನರ್ವಸು ಮಳೆಯಲ್ಲಿ ಬುಡದ ಹಳೆಯ ಎಲೆಗಳಿಗೆ ಕಂದು ಚುಕ್ಕೆ ಬಂತು. ಉಂಗುರದೊಳಗೆ ಉಂಗುರ, ಸುತ್ತ ಹಳದಿ ಅಂಚು. ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಕೆಲಸ ಅದು. ಮಳೆಹನಿಗೆ ಮಣ್ಣು ಚಿಮ್ಮಿದಾಗ ಕೆಳಗಿನ ಎಲೆಗೆ ಹತ್ತಿ, ಮೆಲ್ಲಗೆ ಮೇಲೇರುತ್ತದೆ. ಕೆಳಗಿನೆಲೆ ಚಿವುಟಿ, ಬುಡಕ್ಕೆ ತರಗೆಲೆ ಹೊದಿಸಿ, ನೀರನ್ನು ತಲೆಗೆ ಸುರಿಯದೆ ಬುಡಕ್ಕೇ ಕೊಟ್ಟರೆ ಅರ್ಧ ಹತೋಟಿಗೆ ಬಂದಂತೆ. ಇಷ್ಟು ಸಪ್ಪೆ ಚಿಕಿತ್ಸೆ ಯಾರಿಗೆ ಬೇಕು?

ತೀರ್ಥಹಳ್ಳಿ ಕಡೆಯ ಸೋದರಮಾವನಿಗಂತೂ ಬೇಡ. ಅಡಿಕೆಯ ಕೊಳೆರೋಗಕ್ಕೆ ಜೀವಮಾನವಿಡೀ ಬೋರ್ಡೋ ಹೊಡೆಸಿದವನು. "100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕತ್ತಿ ಅದ್ದಿ ನೋಡು, ಕೆಂಪಗಾದ್ರೆ ಸುಣ್ಣ ಸಾಲ್ದು ಅಂತ." ನಮಗೆ ಒಂದು ಲೀಟರ್ ಸಾಕು ಮಾವ ಅಂದರೆ, 10 ಗ್ರಾಂ ತೂಗುವುದು ಅವನ ಘನತೆಗೆ ಒಗ್ಗದು. ಕೊನೆಗೆ ಅಡುಗೆಮನೆಯ ಚಾಕು ನೀಲಿ ಬಕೆಟ್ಟಿಗಿಳಿಯಿತು. ಸ್ಟೇನ್‌ಲೆಸ್ ಸ್ಟೀಲು, ಕೆಂಪಾಗಲಿಲ್ಲ. ಅಮ್ಮನ ಮುಖ ಆಯಿತು.

ಪಕ್ಕದ ಮನೆ ರಾಯರದು ಸೂಕ್ಷ್ಮ ಪ್ರಕರಣ. ಸಿಗರೇಟು ಆರಿಸಿದ ಬೆರಳಲ್ಲೇ ಕುಡಿ ಹಿಡಿದು ನಾಡಿ ನೋಡುತ್ತಾರೆ. ತಂಬಾಕೂ ಟೊಮೆಟೊವೂ ದಾಯಾದಿಗಳು. ತಂಬಾಕಿನ ಮೊಸಾಯಿಕ್ ವೈರಸ್ ಕೈಯಿಂದ ಎಲೆಗೆ ದಾಟಬಲ್ಲದು. ಹಿರಿಯರಿಗೆ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ ಎನ್ನಲಾದೀತೆ? ಅಮ್ಮನೇ ಉಪಾಯ ಕಂಡಳು: ಅವರು ಬಂದೊಡನೆ ಒಂದು ಕೈಗೆ ಕಾಫಿ ಲೋಟ, ಇನ್ನೊಂದಕ್ಕೆ ಕೋಡುಬಳೆ.

ಎಲೆ ಮುಟುರು ರೋಗದ ಮುಂದೆ ಮಾತ್ರ ಯಾರ ವೈದ್ಯವೂ ನಡೆಯದು. ಕುಡಿ ಕುಗ್ಗಿ, ಎಲೆ ದೊನ್ನೆಯ ಹಾಗೆ ಮೇಲಕ್ಕೆ ಮಡಚಿಕೊಂಡಿತೆಂದರೆ ಬಿಳಿನೊಣ ವೈರಸ್ ದಾಟಿಸಿ ಹೋಗಿದೆ ಎಂದೇ ಲೆಕ್ಕ. ಬೇವಿನೆಣ್ಣೆ, ಅಂಟು ಬಳಿದ ಹಳದಿ ಹಾಳೆ, ಇವೆಲ್ಲ ನೊಣಕ್ಕೆ. ಹಿಡಿದ ಗಿಡಕ್ಕೆ ಮದ್ದಿಲ್ಲ. ಪಕ್ಕದ ಕುಂಡಗಳು ಉಳಿಯಬೇಕಾದರೆ ಕಿತ್ತು ಹಾಕಬೇಕು. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕೋಣ, ಅದು ಈ ಮುಟುರನ್ನೂ ಉಂಗುರದ ಚುಕ್ಕೆಯನ್ನೂ ತಡೆದುಕೊಳ್ಳುತ್ತದೆ ಎಂದು ಅಮ್ಮನಿಗೆ ಹೇಳಿ ನೋಡಿದೆ.

"ಹೂ ಬಿಟ್ಟ ಗಿಡ ಕೀಳ್ತಾರೇನೋ?"

ಇವತ್ತು ರಾತ್ರಿ ಧಾರಾವಾಹಿಯಲ್ಲಿ ಸೊಸೆ ಅಳುವ ಹೊತ್ತಿಗೆ ಸರಿಯಾಗಿ ಗಿಡ ಕಿತ್ತು, ಚೀಲದಲ್ಲಿ ಬಿಗಿದು, ಬೆಳಗ್ಗೆ ಕಸದ ಗಾಡಿಗೆ ಕೊಡುವುದೆಂದು ನಾನೂ ಮಾವನೂ ಮಾತಾಡಿಕೊಂಡಿದ್ದೇವೆ.